ಮಗಳಿಗೊಂದು ಪತ್ರ: ಬಸ್ಸು ಓಡಬೇಕು, ಜಾರಬಾರದು

ಡೊಂಬಿವಲಿ

ಚಿ. ಮೇದಿನಿಗೆ ಅಮ್ಮನ ಆಶೀರ್ವಾದ.

ಪುಣೆಯಿಂದ ನೀನು ಕಳಿಸಿದ ಡಬಲ್ ಡೆಕರ್ ಬಸ್ಸಿನ ಅನಿಮೇಷನ್ ನೋಡಿದೆ. ಚಿತ್ರ ಚೆನ್ನಾಗಿ ಬಿಡಿಸಿದ್ದೀಯ. ಆದರೆ ಬಸ್ಸು ಓಡುತ್ತಿಲ್ಲ, ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿದ ಹಾಗಿದೆ. ಸ್ಟಾಪಿನಲ್ಲಿ ನಿಂತ ಮೇಲೂ ಚಕ್ರ ತಿರುಗುತ್ತಲೇ ಇದೆ. ಇದು ಕೈಯ ತಪ್ಪಲ್ಲ. ಅಡೋಬಿಯ ಅನಿಮೇಟ್ ಸಾಫ್ಟ್‌ವೇರಿನಲ್ಲಿ ಯಾವ ವಸ್ತು ಯಾವುದರ ಒಳಗಿದೆ, ಯಾರ ಟೈಮ್‌ಲೈನ್ (ಚಿತ್ರಗಳು ಒಂದರ ಹಿಂದೊಂದು ಸಾಗುವ ಪಟ್ಟಿ) ಹಿಡಿದು ನಡೆಯುತ್ತಿದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಫೋನಿನಲ್ಲಿ ಹೇಳಿದರೆ ಅಂಕಿಗಳು ನೆನಪಿರುವುದಿಲ್ಲ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಮೊದಲು ಫೈಲ್. ಹೊಸ ಡಾಕ್ಯುಮೆಂಟ್ ತೆರೆಯುವಾಗ 'ಎಚ್‌ಟಿಎಂಎಲ್5 ಕ್ಯಾನ್ವಾಸ್' ಆರಿಸು, 'ಆಕ್ಷನ್‌ಸ್ಕ್ರಿಪ್ಟ್ 3.0' ಬೇಡ. ಎರಡನೆಯದು ಬ್ರೌಸರಿನಲ್ಲಿ ಅನಿಮೇಷನ್ ಓಡಿಸುತ್ತಿದ್ದ ಹಳೆಯ ಫ್ಲ್ಯಾಶ್ ಕಾಲದ್ದು. ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಅದು ಓಡುವುದೂ ನಿಂತಿತು. ಆದರೂ ಯೂಟ್ಯೂಬಿನ ಹಳೆಯ ಪಾಠಗಳು ಇನ್ನೂ ಅದನ್ನೇ ಹೇಳಿಕೊಡುತ್ತವೆ. ಡ್ರಾಯಿಂಗ್ ಭಾಗಕ್ಕೆ ಆ ಪಾಠ ನೋಡಬಹುದು. ಕೋಡ್ ಭಾಗ ಬಂದ ಕೂಡಲೇ ಮುಚ್ಚಿಬಿಡು. ಸ್ಟೇಜ್, ಅಂದರೆ ಚಿತ್ರದ ಪರದೆ, 1280 ಪಿಕ್ಸೆಲ್ ಅಗಲ, 720 ಎತ್ತರ, ವೇಗ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ). ಈ 24 ಅನ್ನು ಕೆಲಸದ ನಡುವೆ ಬದಲಿಸಬೇಡ, ಕೆಳಗಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ.

ನಿನ್ನ ಟೈರಿನಲ್ಲಿ ಒಂದು ಕಡೆ ಕಚ್ಚಿದ ಹಾಗೆ ಕಾಣುವುದಕ್ಕೆ ಕಾರಣ ಇದು: ಮಾಮೂಲಿ ಮೋಡಿನಲ್ಲಿ ಒಂದೇ ಲೇಯರಿನ (ಪದರದ) ಎರಡು ಆಕಾರ ತಾಗಿದರೆ ಮೇಲಿನದು ಕೆಳಗಿನದನ್ನು ತಿಂದುಹಾಕುತ್ತದೆ. ಮೇಲಿನದನ್ನು ಎಳೆದು ತೆಗೆದರೆ ಕೆಳಗೆ ತೂತು. ಟೂಲ್ ಹಿಡಿದಾಗ ಜೆ ಕೀ ಒತ್ತಿದರೆ ಆಬ್ಜೆಕ್ಟ್ ಡ್ರಾಯಿಂಗ್ ಮೋಡ್ ಬರುತ್ತದೆ, ಆಗ ಪ್ರತಿ ಆಕಾರವೂ ಬೇರೆಯಾಗಿ ಉಳಿಯುತ್ತದೆ. ಬೇಕೆಂದೇ ತೂತು ಕೊರೆಯುವಾಗ ಮಾತ್ರ ಹಳೆಯ ಮೋಡಿಗೆ ಹೋಗು.

ಇನ್ನು ಕೀಲಿಗಳು. ಎಫ್5 ಒತ್ತಿದರೆ ಈಗಿರುವ ಫ್ರೇಮು ಮುಂದಕ್ಕೆ ಉದ್ದವಾಗುತ್ತದೆ. ಎಫ್6 ಹಿಂದಿನ ಚಿತ್ರದ ನಕಲಿನೊಂದಿಗೆ ಕೀಫ್ರೇಮ್ (ಬದಲಾವಣೆ ಗುರುತಿಸುವ ಫ್ರೇಮ್) ಹಾಕುತ್ತದೆ, ಎಫ್7 ಖಾಲಿ ಕೀಫ್ರೇಮ್. ಎಫ್8 ಆಯ್ದ ಚಿತ್ರವನ್ನು ಸಿಂಬಲ್, ಅಂದರೆ ಮತ್ತೆಮತ್ತೆ ಬಳಸಬಹುದಾದ ಒಂದು ವಸ್ತು, ಮಾಡುತ್ತದೆ. ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಬ್ರೌಸರಿನಲ್ಲಿ ಪರೀಕ್ಷೆ. ಉಳಿದ ಶಾರ್ಟ್‌ಕಟ್‌ಗಳು ಕೆಲಸ ಮಾಡುತ್ತಾ ತಾವೇ ಬರುತ್ತವೆ.

ಎರಡು ಕೀಫ್ರೇಮುಗಳ ನಡುವಿನ ಚಲನೆಯನ್ನು ಸಾಫ್ಟ್‌ವೇರೇ ತುಂಬುವುದು ಟ್ವೀನ್. ಕ್ಲಾಸಿಕ್ ಟ್ವೀನ್ ನಡೆಯಬೇಕಾದರೆ ಲೇಯರಿನಲ್ಲಿ ಒಂದೇ ಸಿಂಬಲ್ ಇರಬೇಕು, ಬೇರೇನೂ ಇರಬಾರದು. ಟೈಮ್‌ಲೈನಿನಲ್ಲಿ ಬಾಣದ ಗೆರೆಯ ಬದಲು ಚುಕ್ಕಿಚುಕ್ಕಿ ಗೆರೆ ಕಂಡರೆ ಟ್ವೀನ್ ಮುರಿದಿದೆ ಎಂದರ್ಥ. ಹೆಚ್ಚಿನ ಸಲ ಅಲ್ಲಿ ಎರಡನೆಯ ವಸ್ತು ಬಂದು ಕುಳಿತಿರುತ್ತದೆ, ಇಲ್ಲವೇ ಕೊನೆಯ ಕೀಫ್ರೇಮೇ ಇರುವುದಿಲ್ಲ. ಶೇಪ್ ಟ್ವೀನ್ ಬೇರೆ ವಿಷಯ, ಸಿಂಬಲ್ ಆಗದ ಬರಿ ಆಕಾರಕ್ಕೆ. ಬಸ್ಸಿಗೆ ಅದು ಬೇಕಿಲ್ಲ.

ಈಗ ಚಕ್ರ. 45 ಪಿಕ್ಸೆಲ್ ವ್ಯಾಸದ ವೃತ್ತ ಬಿಡಿಸಿ ಎಫ್8 ಒತ್ತು. ರೀತಿ 'ಗ್ರಾಫಿಕ್' (ಯಾಕೆಂದು ಮುಂದೆ ಹೇಳುತ್ತೇನೆ), ರಿಜಿಸ್ಟ್ರೇಷನ್ ಬಿಂದು, ಅಂದರೆ ವಸ್ತುವಿನ ಆಧಾರ ಬಿಂದು, ಒಂಬತ್ತು ಚೌಕಗಳ ನಡುವಿನದು. ತಿರುಗಿಸುವಾಗ ಕಾಣುವ ಬಿಳಿ ಚುಕ್ಕಿಯೂ ಸರಿಯಾಗಿ ನಟ್ಟನಡುವೆ ಇರಬೇಕು. ಒಂದೆರಡು ಪಿಕ್ಸೆಲ್ ಸರಿದರೂ ಚಕ್ರ ಕುಂಟುತ್ತದೆ. ಇದಕ್ಕೆ 'ಟೈರು' ಎಂದು ಹೆಸರಿಡು. ಅದನ್ನು ಮತ್ತೊಮ್ಮೆ ಎಫ್8 ಒತ್ತಿ 'ತಿರುಗುವ ಚಕ್ರ' ಎಂಬ ಇನ್ನೊಂದು ಗ್ರಾಫಿಕ್ ಒಳಗೆ ಹಾಕು. ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ 1, 5, 9, 13ನೇ ಫ್ರೇಮುಗಳಲ್ಲಿ ಕೀಫ್ರೇಮ್ ಹಾಕಿ, ಟ್ರಾನ್ಸ್‌ಫಾರ್ಮ್ ಪ್ಯಾನೆಲಿನಲ್ಲಿ ಕೋನ 0, 120, 240, 360 ಕೊಡು. ನಡುವೆ ಕ್ಲಾಸಿಕ್ ಟ್ವೀನ್, ರೊಟೇಟ್ 'ಆಟೋ'. ಆಮೇಲೆ 12ನೇ ಫ್ರೇಮಿನ ಮೇಲೆ ಎಫ್6 ಒತ್ತಿ, 13ನೆಯದನ್ನು ಶಿಫ್ಟ್ ಎಫ್5ನಿಂದ ಅಳಿಸು.

ಅಳಿಸುವುದು ಯಾಕೆಂದರೆ 360 ಡಿಗ್ರಿಯೂ 0 ಡಿಗ್ರಿಯೂ ಕಣ್ಣಿಗೆ ಒಂದೇ. ಎರಡನ್ನೂ ಇಟ್ಟರೆ ಪ್ರತಿ ಸುತ್ತಿನ ಕೊನೆಗೂ ಚಕ್ರ ಒಂದು ಫ್ರೇಮು ತಡೆದು ನಿಲ್ಲುತ್ತದೆ. ನಿನ್ನ ಫೈಲಿನಲ್ಲಿ ಕಾಣುವ ಆ ಎಡವಟ್ಟು ಇದೇ. ಈಗ ಉಳಿದದ್ದು 12 ಫ್ರೇಮ್, ಒಂದೊಂದಕ್ಕೆ 30 ಡಿಗ್ರಿ.

ಆ 30 ಡಿಗ್ರಿಯಿಂದಲೇ ಇನ್ನೊಂದು ತೊಂದರೆ ಹುಟ್ಟುತ್ತದೆ. ನೀನು ಚಕ್ರಕ್ಕೆ 8 ನಟ್ ಬಿಡಿಸಿದ್ದೀಯ, ಒಂದರಿಂದ ಒಂದಕ್ಕೆ 45 ಡಿಗ್ರಿ. ಚಕ್ರ 30 ಡಿಗ್ರಿ ಮುಂದೆ ಹೋದಾಗ ಪ್ರತಿ ನಟ್ಟೂ ಮುಂದಿನ ನಟ್ಟಿನ ಜಾಗಕ್ಕೆ 15 ಡಿಗ್ರಿ ಹಿಂದೆ ನಿಲ್ಲುತ್ತದೆ. ಕಣ್ಣು ಹತ್ತಿರದ ದಾರಿಯನ್ನೇ ಹಿಡಿಯುವುದರಿಂದ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. 6 ನಟ್ ಇದ್ದರೆ ಮುಂದಕ್ಕೋ ಹಿಂದಕ್ಕೋ ತಿಳಿಯದೆ ಮಿಣಮಿಣ ಅನ್ನುತ್ತದೆ. 12 ಇದ್ದರೆ ನಿಂತೇ ಹೋದಂತೆ. 4 ಸಾಕು. ಜೊತೆಗೆ ಒಂದು ನಟ್ಟಿನ ಪಕ್ಕ ಕೆಸರಿನ ಕಲೆ ಹಾಕಿದರೆ ಇನ್ನೂ ಒಳ್ಳೆಯದು, ಮುಂಬೈ ಬಸ್ಸಿಗೆ ಸಹಜವೂ ಹೌದು.

ಬಸ್ಸಿನ ವೇಗವನ್ನು ಚಕ್ರ ನಿರ್ಧರಿಸಬೇಕು, ನಿನ್ನ ಮನಸ್ಸಲ್ಲ. 45 ಪಿಕ್ಸೆಲ್ ವ್ಯಾಸದ ಸುತ್ತಳತೆ ಸುಮಾರು 141. 12 ಫ್ರೇಮಿಗೆ ಒಂದು ಸುತ್ತು ಎಂದರೆ ಸೆಕೆಂಡಿಗೆ ಎರಡು ಸುತ್ತು, ಅಂದರೆ ಸುಮಾರು 280 ಪಿಕ್ಸೆಲ್ ದೂರ. ಬಸ್ಸು 400 ಪಿಕ್ಸೆಲ್ ಉದ್ದವಿದೆ. ಅದರ ನಡು ಎಕ್ಸ್ (ಪರದೆಯ ಎಡ ಅಂಚಿನಿಂದ ಅಡ್ಡ ಅಳತೆ) ಮೈನಸ್ 200ರಲ್ಲಿ ಶುರುವಾದರೆ ಪೂರ್ತಿ ಪರದೆಯ ಹೊರಗಿರುತ್ತದೆ. 1ನೇ ಫ್ರೇಮಿನಲ್ಲಿ ಮೈನಸ್ 200, 61ನೇ ಫ್ರೇಮಿನಲ್ಲಿ 500. 60 ಹೆಜ್ಜೆ, ಎರಡೂವರೆ ಸೆಕೆಂಡು, 700 ಪಿಕ್ಸೆಲ್. ಇಷ್ಟು ಸರಿಹೋದರೆ ಟೈರು ರಸ್ತೆ ಹಿಡಿಯುತ್ತದೆ.

ನಿಲ್ಲಿಸುವುದರಲ್ಲೇ ನಿಜವಾದ ಕೆಲಸವಿರುವುದು. 61ರಿಂದ 85ರವರೆಗೆ 24 ಹೆಜ್ಜೆ, 500ರಿಂದ 640ಕ್ಕೆ. ಟ್ವೀನಿನ ಈಸ್ 100 ಇಡು, ಅದು ಜೋರಾಗಿ ಶುರುವಾಗಿ ನಿಧಾನಕ್ಕೆ ನಿಲ್ಲುವ ರೀತಿ. 140 ಪಿಕ್ಸೆಲ್ಲೇ ಯಾಕೆ? ಒಂದೇ ಸಮನಾಗಿ ವೇಗ ಇಳಿಯುತ್ತಾ ನಿಲ್ಲುವ ವಸ್ತು, ಇಳಿಯದೆ ಹೋಗಿದ್ದರೆ ಕ್ರಮಿಸುತ್ತಿದ್ದ ದೂರದ ಅರ್ಧ ಕ್ರಮಿಸುತ್ತದೆ; ಅದೇ ವೇಗದಲ್ಲಿ 24 ಫ್ರೇಮಿಗೆ 280, ಅದರ ಅರ್ಧ 140. ಆಗ ಓಟದಿಂದ ಬ್ರೇಕಿಗೆ ದಾಟುವಾಗ ಎಲ್ಲೂ ಜರ್ಕ್ ಬರುವುದಿಲ್ಲ. ಅದು ಚಕ್ರದ ಒಂದು ಪೂರ್ತಿ ಸುತ್ತೂ ಆಗಿರುವುದರಿಂದ ಕೆಲಸ ಸುಲಭ. 'ನಿಲ್ಲುವ ಚಕ್ರ' ಎಂಬ ಬೇರೆ ಗ್ರಾಫಿಕ್ ಮಾಡು: 1 ಮತ್ತು 25ರಲ್ಲಿ ಕೀಫ್ರೇಮ್, ರೊಟೇಟ್ ಗಡಿಯಾರದ ದಿಕ್ಕಿಗೆ 1 ಸಲ, ಈಸ್ 100.

ಈಗ ಒಳಗು-ಹೊರಗಿನ ಮಾತು. ಗ್ರಾಫಿಕ್ ಸಿಂಬಲಿಗೆ ಸ್ವಂತ ಗಡಿಯಾರವಿಲ್ಲ. ಅದನ್ನು ಹೊತ್ತ ಟೈಮ್‌ಲೈನ್ ಒಂದು ಫ್ರೇಮ್ ಮುಂದೆ ಹೋದರೆ ಅದೂ ಒಂದು ಹೋಗುತ್ತದೆ, ನಿಂತರೆ ನಿಲ್ಲುತ್ತದೆ. ಸಿಂಬಲಿನ ಇನ್ನೊಂದು ರೀತಿಯಾದ ಮೂವಿ ಕ್ಲಿಪ್‌ಗೆ ಸ್ವಂತ ಗಡಿಯಾರವಿದೆ. ಹೊರಗಿನ ಬಸ್ಸು ನಿಂತಿರಲಿ ಓಡಲಿ, ಕೋಡ್ ಬರೆದು ನಿಲ್ಲಿಸುವವರೆಗೂ ತನ್ನ ಪಾಡಿಗೆ ಸುತ್ತುತ್ತದೆ. ನೀನು ಚಕ್ರವನ್ನು ಮೂವಿ ಕ್ಲಿಪ್ ಮಾಡಿದ್ದೀಯ, ಅದಕ್ಕೇ ಸ್ಟಾಪಿನಲ್ಲೂ ತಿರುಗುತ್ತಿದೆ. ಟೈಮ್‌ಲೈನನ್ನು ಕೈಯಿಂದ ಎಳೆದು ನೋಡುವಾಗ ಮೂವಿ ಕ್ಲಿಪ್ಪಿನ ಒಳಗಿನ ಚಲನೆ ಕಾಣುವುದೂ ಇಲ್ಲ. ಟೈಮಿಂಗ್ ಹೊಂದಿಸಬೇಕಾದ ವಸ್ತುಗಳಿಗೆ ಗ್ರಾಫಿಕ್ಕೇ ಸರಿ. ಹಿನ್ನೆಲೆಯಲ್ಲಿ ಅಲೆಯುವ ತೆಂಗಿನ ಗರಿ, ಮೌಸ್ ತಾಗಿದರೆ ಬೆಳಗುವ ದೀಪ ಇಂಥವಕ್ಕೆ ಮೂವಿ ಕ್ಲಿಪ್.

ಗ್ರಾಫಿಕ್ಕಿನಲ್ಲಿ ಒಂದು ಮೋಸವಿದೆ. ಬಾಡಿಯನ್ನೂ 'ತಿರುಗುವ ಚಕ್ರ'ಗಳನ್ನೂ ಸೇರಿಸಿ ಮಾಡುವ 'ಓಡುವ ಬಸ್ಸು' ಎಂಬ ಗ್ರಾಫಿಕ್ ಸಿಂಬಲಿನ ಒಳಗೆ ಬರಿ ಒಂದೇ ಫ್ರೇಮಿದ್ದರೆ ಒಳಗಿನ ಚಕ್ರ ಕದಲುವುದೇ ಇಲ್ಲ, ಯಾಕೆಂದರೆ ಹೊತ್ತವನೇ ನಡೆಯುತ್ತಿಲ್ಲ. ಬಸ್ಸಿನೊಳಗೆ ಎಲ್ಲ ಲೇಯರುಗಳನ್ನೂ 12ನೇ ಫ್ರೇಮಿನವರೆಗೆ ಎಫ್5ನಿಂದ ಎಳೆ, ಹೊರಗೆ ಪ್ರಾಪರ್ಟೀಸಿನಲ್ಲಿ 'ಲೂಪ್' ಇಡು. 'ನಿಲ್ಲುವ ಬಸ್ಸು' ಬೇರೆ ಸಿಂಬಲ್. ಒಳಗೆ 31 ಫ್ರೇಮ್, 'ನಿಲ್ಲುವ ಚಕ್ರ'ಗಳು, ಒಳಗೂ ಹೊರಗೂ 'ಪ್ಲೇ ಒನ್ಸ್'. ಮುಖ್ಯ ಟೈಮ್‌ಲೈನಿನ 61 ಮತ್ತು 85ರ ಕೀಫ್ರೇಮುಗಳಲ್ಲಿ 'ಸ್ವಾಪ್' ಒತ್ತಿ ಇದನ್ನು ಕೂರಿಸು, 85ರ ಆಚೆ ಟೈಮ್‌ಲೈನನ್ನು 120ರವರೆಗೆ ಎಳೆ. 60 ಎಂಬುದು 12ರ ಮಗ್ಗಿಯಲ್ಲಿ ಬರುವುದರಿಂದ ಬದಲಾಗುವ ಕ್ಷಣಕ್ಕೆ ಚಕ್ರ ಸರಿಯಾಗಿ 0 ಡಿಗ್ರಿಯಲ್ಲಿರುತ್ತದೆ. 31 ಯಾಕೆಂದರೆ, ಬ್ರೇಕ್ ಬಿದ್ದಾಗ ಮೇಲಿನ ಬಾಡಿ 25ರ ಹೊತ್ತಿಗೆ ಒಂದು ಡಿಗ್ರಿ ಮುಂದಕ್ಕೆ ಬಾಗಿ, ಉಳಿದ 6 ಫ್ರೇಮಿನಲ್ಲಿ ಹಿಂದಕ್ಕೆ ಬಂದು ಕೂರಬೇಕು. ಒಂದೇ ಡಿಗ್ರಿ. ಮೂರು ಮಾಡಿದರೆ ಕಾರ್ಟೂನ್ ಆಗುತ್ತದೆ.

ಇನ್ನು ಚಿತ್ರದ ಮಾತು ಒಂದೆರಡು. ಎಡದಿಂದ ಬಲಕ್ಕೆ ಓಡುವ ಬಸ್ಸಿನ ಬಲಮಗ್ಗುಲು ನಮಗೆ ಕಾಣುತ್ತದೆ. ನಮ್ಮಲ್ಲಿ ಹತ್ತುವ ಬಾಗಿಲು ಎಡಮಗ್ಗುಲಲ್ಲಿ, ಹಾಗಾಗಿ ನಿನ್ನ ಚಿತ್ರದಲ್ಲಿ ಬಾಗಿಲು ಕಾಣಲೇಬಾರದು, ಡ್ರೈವರ್ ಕಾಣಬೇಕು. ಹಿಂದೆ ಸಮುದ್ರವಿಟ್ಟು ಮರೀನ್ ಡ್ರೈವ್ ಬಿಡಿಸಿದ್ದೀಯ. ಆಗ ಆ ಬಸ್ಸು ಗಿರ್ಗಾಂವ್ ಚೌಪಾಟಿ ಕಡೆಗೆ ಹೋಗುತ್ತಿದೆ, ಕಟ್ಟೆಗೆ ಹತ್ತಿರದ, ಅಂದರೆ ಆಚೆ ಬದಿಯ ರಸ್ತೆಯಲ್ಲಿ. ಈಚೆ ಬದಿಯಲ್ಲಿ ಓಡಿಸಿದರೆ ರಾಂಗ್ ಸೈಡ್. ದಿಕ್ಕು ಬದಲಿಸಲು ಫ್ಲಿಪ್ ಹಾರಿಜಾಂಟಲ್ ಒತ್ತಿಬಿಡಬೇಡ, ಬಾಗಿಲು ತಪ್ಪುತ್ತದೆ, ಅಕ್ಷರಗಳೂ ಕನ್ನಡಿಯಲ್ಲಿ ಕಂಡಂತಾಗುತ್ತವೆ. ಮುಂಬೈಯ ನಗರ ಸಾರಿಗೆ ಸಂಸ್ಥೆ ಬೆಸ್ಟಿನ ಡಬಲ್ ಡೆಕರ್‌ಗಳು 1937ರಲ್ಲಿ ಬಂದವು, ಹಳೆಯ ಡೀಸೆಲ್ ಡಬಲ್ ಡೆಕರ್‌ಗಳಲ್ಲಿ ಕೊನೆಯದೂ 2023ರ ಸೆಪ್ಟೆಂಬರಿನಲ್ಲಿ ಹೋಯಿತು. ನೋಡಿ ಬಿಡಿಸಲು ಆ ಹಳೆಯವು ಈಗ ರಸ್ತೆಯಲ್ಲಿ ಸಿಗುವುದಿಲ್ಲ, ಫೋಟೋ ಹುಡುಕಿಕೊ.

ಬೋರ್ಡಿನ ಮೇಲೆ ಕನ್ನಡ ಬರೆಯುವುದಾದರೆ ನುಡಿ, ಬರಹದ ಹಳೆಯ ಆಸ್ಕಿ ಫಾಂಟು ಬೇಡ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡು. ನೋಟೋ ಸಾನ್ಸ್ ಕನ್ನಡ ಇದೆ, ದಪ್ಪ ಅಕ್ಷರ ಬೇಕಾದರೆ ಬಾಲೂ ತಮ್ಮ ಇದೆ. ಬಾಲೂ ಮಾಡಿದ ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆ ನಮ್ಮ ಮುಂಬೈಯದೇ. ಎರಡೂ ಉಚಿತ. ಚಲಿಸುವ ಬೋರ್ಡಿಗೆ ಇನ್ನೂ ಭದ್ರವಾದ ದಾರಿ: ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬರೆದು, ಕಂಟ್ರೋಲ್ ಶಿಫ್ಟ್ ಸಿ ಒತ್ತಿ ಅಕ್ಷರವನ್ನು ಆಕಾರವಾಗಿಸಿ, ಎಸ್‌ವಿಜಿ ಮಾಡಿ ಇಲ್ಲಿಗೆ ತರುವುದು. ಒತ್ತಕ್ಷರ ಕಳಚುವ ಭಯವಿಲ್ಲ. ಆದರೆ ಆಮೇಲೆ ಕಾಗುಣಿತ ತಿದ್ದಲಾಗದು, ಮೊದಲೇ ಓದಿಕೊ.

ಕೋಡ್ ಸದ್ಯಕ್ಕೆ ಹೆಚ್ಚು ಬೇಡ. ಎರಡು ಸಂಗತಿ ಮಾತ್ರ ನೆನಪಿಡು. ಬಟನ್‌ಗೆ ಪ್ರಾಪರ್ಟೀಸಿನಲ್ಲಿ ಇನ್‌ಸ್ಟೆನ್ಸ್ ಹೆಸರು (ಪರದೆಯ ಮೇಲಿನ ಆ ಪ್ರತಿಯ ಹೆಸರು) ಕೊಡದಿದ್ದರೆ ಕೋಡಿಗೆ ಅದು ಸಿಗುವುದಿಲ್ಲ. ಲೈಬ್ರರಿ ಪ್ಯಾನೆಲಿನಲ್ಲಿ ಸಿಂಬಲಿಗಿರುವ ಹೆಸರು ಲೆಕ್ಕಕ್ಕಿಲ್ಲ. ಮತ್ತೆ, ಕ್ಯಾನ್ವಾಸ್ ಕೋಡಿನಲ್ಲಿ ಫ್ರೇಮಿನ ಎಣಿಕೆ 0ಯಿಂದ ಶುರು. ಟೈಮ್‌ಲೈನಿನ 61ಕ್ಕೆ ಹೋಗಲು ಕೋಡಿನಲ್ಲಿ 60 ಬರೆಯಬೇಕು.

ಪಬ್ಲಿಷ್ ಮಾಡಿದಾಗ ಎಚ್‌ಟಿಎಂಎಲ್ ಫೈಲೊಂದು, ಜೆಎಸ್ ಫೈಲೊಂದು, ಫೋಟೋ ಬಳಸಿದ್ದರೆ ಇಮೇಜಸ್ ಫೋಲ್ಡರ್ ಬರುತ್ತವೆ. ಮೂರನ್ನೂ ಒಟ್ಟಿಗೆ ಏರಿಸಬೇಕು. ಒಳಗೆ ಕೆಲಸ ಮಾಡುವುದು ಕ್ರಿಯೇಟ್‌ಜೆಎಸ್ ಎಂಬ ಸಿದ್ಧ ಕೋಡಿನ ಲೈಬ್ರರಿ. ಪಬ್ಲಿಷ್ ಸೆಟ್ಟಿಂಗ್ಸಿನಲ್ಲಿ 'ಹೋಸ್ಟೆಡ್ ಲೈಬ್ರರೀಸ್'ಗೆ ಟಿಕ್ ಇದ್ದರೆ ಅದು ಇಂಟರ್ನೆಟ್‌ನಿಂದ ಬರುತ್ತದೆ, ಹಾಸ್ಟೆಲಿನ ನೆಟ್ ಹೋದರೆ ಪರದೆ ಬೆಳ್ಳಗೆ. ಟಿಕ್ ತೆಗೆದರೆ ನಿನ್ನ ಫೋಲ್ಡರಿನಲ್ಲೇ ಇರುತ್ತದೆ. ಎಚ್‌ಟಿಎಂಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಕೆಲವೊಮ್ಮೆ ಫೋಟೋಗಳು ಬರುವುದಿಲ್ಲ, ಬ್ರೌಸರಿನ ಭದ್ರತೆ ತಡೆಯುತ್ತದೆ. ಫೈಲು ಕೆಟ್ಟಿದೆ ಎಂದುಕೊಳ್ಳಬೇಡ, ಅನಿಮೇಟ್ ಒಳಗಿನಿಂದಲೇ ಕಂಟ್ರೋಲ್ ಎಂಟರ್ ಒತ್ತಿ ನೋಡು. ಹಾರ್ನಿನ ಸದ್ದು ತಾನಾಗಿ ಬರದಿರುವುದೂ ತಪ್ಪಲ್ಲ: ನೋಡುವವರು ಒಮ್ಮೆ ಕ್ಲಿಕ್ ಮಾಡುವವರೆಗೆ ಬ್ರೌಸರುಗಳು ಸದ್ದು ಬಿಡುವುದಿಲ್ಲ. ಒಂದು 'ಶುರು' ಬಟನ್ ಇಟ್ಟರೆ ಸಮಸ್ಯೆ ಮುಗಿಯಿತು. ಸಮುದ್ರದ ಫೋಟೋ ಕ್ಯಾಮೆರಾದಿಂದ ಬಂದ ಅಳತೆಯಲ್ಲೇ ಹಾಕಿದ್ದೀಯ. 2560 ಅಗಲಕ್ಕೆ ಇಳಿಸು, ಒಳ್ಳೆಯ ಮೊಬೈಲ್ ಪರದೆಗೂ ಅಷ್ಟು ಸಾಕು.

ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸುವುದಾದರೆ ವಿಡಿಯೋ ಆಗಿ ಎಕ್ಸ್‌ಪೋರ್ಟ್ ಮಾಡು. ಜಿಫ್‌ಗೆ 256 ಬಣ್ಣ ಮಾತ್ರ, ಸಂಜೆಯ ಆಕಾಶ ಪಟ್ಟೆಪಟ್ಟೆಯಾಗುತ್ತದೆ. ನನಗೆ ಕಳಿಸುವಾಗ ಮಾತ್ರ ಎಫ್‌ಎಲ್‌ಎ ಮೂಲ ಫೈಲನ್ನೇ ಕಳಿಸು. ಪಬ್ಲಿಷ್ ಮಾಡಿದ್ದರಲ್ಲಿ ಕೀಫ್ರೇಮ್ ಎಲ್ಲಿದೆ, ಯಾವುದು ಯಾವುದರೊಳಗಿದೆ ಎಂದು ತೆರೆದು ನೋಡಲು ಆಗುವುದಿಲ್ಲ. ಮೊದಲು ಚಕ್ರವನ್ನೂ ನಿಲ್ಲುವುದನ್ನೂ ಸರಿಮಾಡಿ ಕಳಿಸು, ಮೋಡ ಅಲೆ ಎಲ್ಲ ಆಮೇಲೆ ನೋಡೋಣ.

ಇಂತಿ,
ಅಮ್ಮ