ಟಿಮ್ ಡಂಕನ್ ಸಪ್ಪೆ ಆಟಗಾರನೇ? ಮಂಡ್ಯದ ಗೆಳೆಯನಿಗೊಂದು ಪತ್ರ

ಮೈಸೂರು

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಮಂಡ್ಯದಲ್ಲಿ ಸಂಜೆ ಹೊತ್ತು ನೀನು ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿರುವ ಮಕ್ಕಳಿಗೆ ಯಾವ ಫಾರ್ವರ್ಡ್ ಆಟಗಾರನ ಹಳೆಯ ಪಂದ್ಯಗಳನ್ನು ತೋರಿಸಬೇಕೆಂದು ಕೇಳಿರುವೆ. ನಾನು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡಿದ ಟಿಮ್ ಡಂಕನ್ ಹೆಸರನ್ನೇ ಹೇಳುತ್ತೇನೆಂದು ಮೊದಲೇ ಊಹಿಸಿ, ಆ ಸಪ್ಪೆ ಮನುಷ್ಯನನ್ನು ಬಿಟ್ಟು ಬೇರೆ ಯಾರನ್ನಾದರೂ ಸೂಚಿಸು ಎಂದೂ ಸೇರಿಸಿರುವೆ. ಕ್ಷಮಿಸು, ಬೇರೆ ಯಾರನ್ನೂ ಸೂಚಿಸಲಾರೆ. ಆದರೆ ನಿನಗೆ ಹಾಗೆ ಅನ್ನಿಸಿದ್ದಕ್ಕೆ ನಿನ್ನನ್ನು ದೂರುವುದೂ ಇಲ್ಲ, ಏಕೆಂದರೆ ಈ ತಪ್ಪು ಕಲ್ಪನೆಯನ್ನು ಹಬ್ಬಿಸಿದವರು ಡಂಕನ್‌ನ ಅಭಿಮಾನಿಗಳೇ. ಸರಳ ಆಟ, ಮಿತಭಾಷಿ, ವಿನಯವಂತ ಎಂದು ಅವರು ಎಷ್ಟು ಹೊಗಳಿದರೆಂದರೆ, ಆ ಆಟ ಎಷ್ಟು ಕಠಿಣವಾದುದೆಂದು ಕೇಳುವವರೇ ಇಲ್ಲವಾದರು. ಎದುರಾಳಿ ಆಟಗಾರ ಶಾಕೀಲ್ ಓನೀಲ್ ಆತನಿಗೆ ಇಟ್ಟ 'ಬಿಗ್ ಫಂಡಮೆಂಟಲ್' (ಆಟದ ಮೂಲಪಾಠಗಳಲ್ಲಿ ಪಳಗಿದ ದೊಡ್ಡವನು) ಎಂಬ ಅಡ್ಡಹೆಸರು ಕೂಡ ಇದೇ ಕೆಲಸ ಮಾಡಿತು. ನಮ್ಮ ರಾಹುಲ್ ದ್ರಾವಿಡ್‌ಗೆ 'ಗೋಡೆ' ಎಂಬ ಬಿರುದು ಅಂಟಿಕೊಂಡ ಮೇಲೆ ಆತನ ಹೊಡೆತಗಳ ಸೊಗಸನ್ನು ಜನ ಅರ್ಧ ಮರೆತರಲ್ಲ, ಹಾಗೆಯೇ ಇದು.

ಡಂಕನ್ ಹುಟ್ಟಿದ್ದು 1976ರಲ್ಲಿ, ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ಎಂಬ ಸಣ್ಣ ದ್ವೀಪದಲ್ಲಿ. ಬಾಲ್ಯದಲ್ಲಿ ಆತ ಬ್ಯಾಸ್ಕೆಟ್‌ಬಾಲ್ ಆಟಗಾರನೇ ಅಲ್ಲ, ಈಜುಗಾರ. 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಒಲಿಂಪಿಕ್ಸ್‌ಗೆ ಹೋಗುವ ಆಸೆ ಇಟ್ಟುಕೊಂಡವನು. 1989ರಲ್ಲಿ ಬಂದ ಹ್ಯೂಗೊ ಚಂಡಮಾರುತ ದ್ವೀಪದಲ್ಲಿದ್ದ ಒಂದೇ ಒಂದು ಒಲಿಂಪಿಕ್ ಅಳತೆಯ ಈಜುಕೊಳವನ್ನು ನಾಶಮಾಡಿತು. ಸಮುದ್ರದಲ್ಲಿ ಅಭ್ಯಾಸ ಮಾಡಬೇಕಾಗಿ ಬಂದಾಗ ಆತನಿಗೆ ಶಾರ್ಕ್ ಮೀನುಗಳ ಭಯ. ಮರುವರ್ಷ, ಆತನಿಗೆ ಹದಿನಾಲ್ಕು ತುಂಬುವ ಹಿಂದಿನ ದಿನ, ತಾಯಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಈಜು ಅಲ್ಲಿಗೆ ನಿಂತಿತು. ಸರಸ್ವತಿಪುರಂನ ಈಜುಕೊಳದ ಮುಂದೆ ಹಾದುಹೋಗುವಾಗಲೆಲ್ಲ, ಊರಿಗೊಂದೇ ಕೊಳವಿದ್ದು ಅದೂ ಹೋದರೆ ಆ ಮಕ್ಕಳು ಯಾವ ಆಟಕ್ಕೆ ಹೊರಳುತ್ತಾರೋ ಎಂದು ನನಗೆ ಅನ್ನಿಸುವುದುಂಟು. ಡಂಕನ್ ಬ್ಯಾಸ್ಕೆಟ್‌ಬಾಲ್ ಆರಂಭಿಸಿದ್ದು ಒಂಬತ್ತನೆಯ ತರಗತಿಯಲ್ಲಿ. ನಿನ್ನ ಮಕ್ಕಳಲ್ಲಿ ತಡವಾಗಿ ಸೇರಿದವರಿಗೆ ಇದನ್ನು ಅವಶ್ಯ ಹೇಳು.

ಕಾಲೇಜು ಮುಗಿಸುತ್ತೇನೆಂದು ತಾಯಿಗೆ ಕೊಟ್ಟಿದ್ದ ಮಾತಿನಂತೆ ಆತ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕೂ ವರ್ಷ ಓದಿ, ಮನಶ್ಶಾಸ್ತ್ರದಲ್ಲಿ ಪದವಿ ಪಡೆದ ಮೇಲೆಯೇ ಎನ್‌ಬಿಎಗೆ ಹೋದ. ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ 1997ರ ಡ್ರಾಫ್ಟ್‌ನಲ್ಲಿ ಮೊದಲ ಆಟಗಾರನಾಗಿ ಆತನನ್ನು ಆರಿಸಿಕೊಂಡ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡ, ತನ್ನ ಪ್ರಮುಖ ಆಟಗಾರ ಡೇವಿಡ್ ರಾಬಿನ್ಸನ್ ಗಾಯಗೊಂಡಿದ್ದರಿಂದ ಹಿಂದಿನ ವರ್ಷ ಕೇವಲ 20 ಪಂದ್ಯ ಗೆದ್ದಿತ್ತು. ಡಂಕನ್ ಬಂದ ವರ್ಷ 56 ಗೆದ್ದಿತು. ಅಲ್ಲಿಂದ 2016ರವರೆಗೆ ಹತ್ತೊಂಬತ್ತು ಋತುಗಳು, ಒಂದೇ ತಂಡ, ಒಬ್ಬರೇ ಕೋಚ್ ಗ್ರೆಗ್ ಪಾಪೊವಿಚ್, ಐದು ಚಾಂಪಿಯನ್‌ಷಿಪ್. ಆ ಹತ್ತೊಂಬತ್ತರಲ್ಲಿ ಒಂದು ವರ್ಷವೂ ತಂಡ ಪ್ಲೇಆಫ್ ತಪ್ಪಿಸಿಕೊಳ್ಳಲಿಲ್ಲ. 26,496 ಅಂಕ, 15,091 ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), 3,020 ಬ್ಲಾಕ್ (ಎದುರಾಳಿಯ ಎಸೆತವನ್ನು ಕೈಯಿಂದ ತಡೆಯುವುದು). ಅಂಕಿಗಳನ್ನು ಇಲ್ಲಿಗೇ ಬಿಡುತ್ತೇನೆ. ಅಂಕಿಗಳಿಂದ ಯಾರಿಗೂ ಆಟ ಕಲಿಸಲಾಗದು.

ನೀನು ಸಪ್ಪೆ ಎಂದದ್ದು ಬಹುಶಃ ಚೆಂಡನ್ನು ರಿಂಗಿನ ಹಿಂದಿನ ಹಲಗೆಗೆ ಬಡಿಸಿ ಒಳಹಾಕುವ ಆ ಬೋರ್ಡ್ ಶಾಟನ್ನು ನೋಡಿ. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ. ರಿಂಗಿನ ಎಡಬದಿಯಲ್ಲಿ ಎದುರಾಳಿಗೆ ಬೆನ್ನು ಕೊಟ್ಟು ಚೆಂಡು ಪಡೆಯುತ್ತಿದ್ದ ಡಂಕನ್, ಒಂದು ಕಾಲನ್ನು ಊರಿ ತಿರುಗಿ ಮುಖಾಮುಖಿಯಾಗಿ ನಿಂತು, ಚೆಂಡನ್ನು ತಲೆಯ ಮೇಲಕ್ಕೆ ಎತ್ತಿಹಿಡಿದು, ಬೋರ್ಡಿನ ಮೇಲಿನ ಚೌಕಟ್ಟಿನ ಮೂಲೆಗೆ ಎಸೆಯುತ್ತಿದ್ದ. ಬೋರ್ಡಿಗೆ ಸುಮಾರು 45 ಡಿಗ್ರಿ ಕೋನದಿಂದ ಹೋದ ಚೆಂಡಿನ ವೇಗವನ್ನು ಬೋರ್ಡ್ ತುಸು ತಗ್ಗಿಸುವುದರಿಂದ, ಸ್ವಲ್ಪ ಜೋರಾದ ಎಸೆತವೂ ರಿಂಗಿನೊಳಕ್ಕೆ ಇಳಿಯುತ್ತದೆ. ನೇರ ಎಸೆತದಲ್ಲಿ ಅಷ್ಟೇ ಜೋರು ಹೆಚ್ಚಾದರೆ ಚೆಂಡು ರಿಂಗಿನ ಹಿಂಬದಿಗೆ ಬಡಿದು ಹೊರಗೆ ಹಾರುತ್ತದೆ. ಇಷ್ಟು ಲಾಭವಿದ್ದರೂ ಉಳಿದವರೇಕೆ ಇದನ್ನೇ ಆಯುಧ ಮಾಡಿಕೊಳ್ಳಲಿಲ್ಲ? ಆ ಕೋನ ಸಿಗುವ ಜಾಗ ಬಹಳ ಕಿರಿದು, ಎದುರಾಳಿ ಒಂದು ಹೆಜ್ಜೆ ತಳ್ಳಿದರೆ ಕೋನ ಕೆಡುತ್ತದೆ. ಡಂಕನ್‌ನ ಹೆಚ್ಚುಗಾರಿಕೆ ಇದ್ದದ್ದು ಕೈಯಲ್ಲಿ ಅಲ್ಲ, ಆ ಒಂದು ಜಾಗವನ್ನು ಪ್ರತಿ ಸಲವೂ ಕಾಲಿನಿಂದ ಗೆದ್ದುಕೊಳ್ಳುವುದರಲ್ಲಿ. ಎದುರಾಳಿ ಮೈಮೇಲೆ ಬಂದರೆ ಒಂದೇ ಡ್ರಿಬಲ್‌ನಲ್ಲಿ ಪಕ್ಕದಿಂದ ಒಳನುಗ್ಗುತ್ತಿದ್ದ. ಹಿಂದೆ ಸರಿದರೆ ಎಸೆಯುತ್ತಿದ್ದ. ಏನು ಬರಲಿದೆಯೆಂದು ಎಲ್ಲರಿಗೂ ಗೊತ್ತಿದ್ದೂ ತಡೆಯಲಾಗದ ಆಟವನ್ನು ನಾನಂತೂ ಸಪ್ಪೆ ಎನ್ನಲಾರೆ.

ಆದರೂ ಆತನ ನಿಜವಾದ ದೊಡ್ಡತನವಿದ್ದದ್ದು ರಕ್ಷಣೆಯಲ್ಲಿ. ಲೀಗ್‌ನ ಶ್ರೇಷ್ಠ ರಕ್ಷಣಾ ತಂಡಗಳಿಗೆ ಹದಿನೈದು ಬಾರಿ ಆಯ್ಕೆಯಾದರೂ ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿ ಒಮ್ಮೆಯೂ ಆತನಿಗೆ ಸಿಗಲಿಲ್ಲ ಎಂಬುದು ನನಗೆ ಈಗಲೂ ವಿಚಿತ್ರವಾಗಿ ಕಾಣುತ್ತದೆ. ಕಾರಣವನ್ನು ನಾನು ಹೀಗೆ ಊಹಿಸುತ್ತೇನೆ: ಹಾರಿ ಬಂದು ಚೆಂಡನ್ನು ಗ್ಯಾಲರಿಗೆ ಬಾರಿಸುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ, ಎರಡು ಹೆಜ್ಜೆ ಮೊದಲೇ ಸರಿದು, ಕೈಗಳನ್ನು ನೆಟ್ಟಗೆ ಎತ್ತಿ ನಿಂತು, ಎದುರಾಳಿ ಎಸೆಯುವ ಯೋಚನೆಯನ್ನೇ ಬಿಡುವಂತೆ ಮಾಡುವವನ ಕೆಲಸ ಸ್ಕೋರ್ ಪಟ್ಟಿಯಲ್ಲಿ ದಾಖಲಾಗುವುದೇ ಇಲ್ಲ.

ಈ ಎರಡೂ ಗುಣಗಳು ಒಟ್ಟಿಗೆ ಕಾಣುವುದು 2003ರ ಫೈನಲ್ಸ್‌ನಲ್ಲಿ, ಅಂದರೆ ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಪ್ರಶಸ್ತಿ ಸಿಗುವ ಸರಣಿಯಲ್ಲಿ. ಆ ವರ್ಷದ ತಂಡವನ್ನು ನೆನಪಿಸಿಕೋ. ರಾಬಿನ್ಸನ್ ನಿವೃತ್ತಿಯ ಅಂಚಿನಲ್ಲಿ, ಫ್ರಾನ್ಸ್‌ನ ಟೋನಿ ಪಾರ್ಕರ್ ಇಪ್ಪತ್ತೊಂದರ ಹುಡುಗ, ಅರ್ಜೆಂಟೀನಾದ ಮನು ಜಿನೋಬಿಲಿಗೆ ಎನ್‌ಬಿಎಯಲ್ಲಿ ಅದು ಮೊದಲ ವರ್ಷ. ನ್ಯೂಜೆರ್ಸಿ ನೆಟ್ಸ್ ವಿರುದ್ಧದ ಆರನೆಯ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ಹಿಂದೆ ಬಿದ್ದಿದ್ದ ಸ್ಪರ್ಸ್, ಎದುರಾಳಿಗೆ ಒಂದು ಅಂಕವನ್ನೂ ಕೊಡದೆ ಸತತ 19 ಅಂಕ ಗಳಿಸಿ 88-77ರಿಂದ ಗೆದ್ದು ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ಡಂಕನ್ ಅಂದು 21 ಅಂಕ, 20 ರೀಬೌಂಡ್, 10 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ನೆರವಾಗುವ ಪಾಸ್), 8 ಬ್ಲಾಕ್ ಗಳಿಸಿದ. ಇನ್ನೆರಡು ಬ್ಲಾಕ್ ಸಿಕ್ಕಿದ್ದರೆ ನಾಲ್ಕೂ ಲೆಕ್ಕಗಳಲ್ಲಿ ಎರಡಂಕಿ ಮುಟ್ಟುವ, ಫೈನಲ್ಸ್ ಇತಿಹಾಸದಲ್ಲಿ ಯಾರೂ ಮಾಡದ ಕ್ವಾಡ್ರಪಲ್ ಡಬಲ್ ಆಗುತ್ತಿತ್ತು. ನನ್ನ ಮಟ್ಟಿಗೆ ಪವರ್ ಫಾರ್ವರ್ಡ್, ಅಂದರೆ ರಿಂಗಿನ ಸಮೀಪ ಆಡುವ ಫಾರ್ವರ್ಡ್, ಒಬ್ಬ ಆಡಿದ ಅತ್ಯಂತ ಪರಿಪೂರ್ಣ ಪಂದ್ಯ ಅದು.

ದೋಷಗಳಿರಲಿಲ್ಲವೆಂದು ಹೇಳುತ್ತಿಲ್ಲ. ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಸಿಗುವ ಫ್ರೀ ಥ್ರೋಗಳಲ್ಲಿ ಆತನ ಒಟ್ಟಾರೆ ಯಶಸ್ಸು ಶೇಕಡಾ 70ನ್ನೂ ಮುಟ್ಟಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆತನಿದ್ದ ಅಮೆರಿಕ ತಂಡ ಸೆಮಿಫೈನಲ್‌ನಲ್ಲಿ ಜಿನೋಬಿಲಿಯ ಅರ್ಜೆಂಟೀನಾಕ್ಕೆ ಸೋತು ಕಂಚಿಗೆ ಇಳಿಯಿತು. ಮೌನಿ ಎನ್ನುವವರಿಗೆ ಇನ್ನೊಂದು ವಿಷಯ: ಪ್ರತಿ ಫೌಲ್‌ಗೂ ಕಣ್ಣರಳಿಸಿ ರೆಫರಿಯನ್ನು ದಿಟ್ಟಿಸುವುದು ಆತನ ಚಾಳಿಯಾಗಿತ್ತು. 2007ರ ಏಪ್ರಿಲ್‌ನಲ್ಲಿ ಬೆಂಚಿನಲ್ಲಿ ಕುಳಿತು ನಕ್ಕನೆಂದು ರೆಫರಿಯೊಬ್ಬರು ಆತನನ್ನು ಪಂದ್ಯದಿಂದಲೇ ಹೊರಹಾಕಿದರು. ಲೀಗ್ ಕೊನೆಗೆ ಅಮಾನತು ಮಾಡಿದ್ದು ರೆಫರಿಯನ್ನು!

2013ರ ಫೈನಲ್ಸ್ ಸೋಲನ್ನು ನೀನೂ ಬಲ್ಲೆ. ಮಯಾಮಿ ಹೀಟ್ ವಿರುದ್ಧ ಆರನೆಯ ಪಂದ್ಯದಲ್ಲಿ 28 ಸೆಕೆಂಡ್ ಉಳಿದಿದ್ದಾಗ ಐದು ಅಂಕ ಮುಂದಿದ್ದ ಸ್ಪರ್ಸ್, ಮಯಾಮಿಯ ರೇ ಅಲೆನ್‌ನ ಮೂರಂಕದ ಎಸೆತದಿಂದ ಸಮಬಲಕ್ಕೆ ಸಿಲುಕಿ, ಹೆಚ್ಚುವರಿ ಅವಧಿಯಲ್ಲಿ ಸೋತಿತು. ಆ ಎಸೆತಕ್ಕೆ ದಾರಿಮಾಡಿದ ರೀಬೌಂಡ್ ಎದುರಾಳಿಗೆ ಸಿಕ್ಕಾಗ ಡಂಕನ್ ಇದ್ದದ್ದು ಬೆಂಚಿನಲ್ಲಿ; ಪಾಪೊವಿಚ್ ಕೂರಿಸಿದ್ದರು. ಏಳನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಎರಡು ಅಂಕ ಹಿಂದಿದ್ದಾಗ, ಜೀವಮಾನವಿಡೀ ಹಾಕಿದ್ದಂಥ ಸುಲಭದ ಎಸೆತವನ್ನು ತಪ್ಪಿಸಿ, ನೆಲಕ್ಕೆ ಎರಡೂ ಕೈಗಳಿಂದ ಬಡಿದ. ಮರುವರ್ಷ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿದ ಸರಣಿಯಲ್ಲಿ, ಮೂವತ್ತೆಂಟರ ಡಂಕನ್ ತನಗಾಗಿ ಚೆಂಡು ಕೇಳುವುದನ್ನು ಕಡಿಮೆ ಮಾಡಿ, ಇಪ್ಪತ್ತೆರಡರ ಕವಾಯ್ ಲೆನಾರ್ಡ್‌ಗೆ ದಾರಿ ಬಿಟ್ಟ. ಅದಕ್ಕೂ ಮೊದಲು, 2012ರಲ್ಲಿ, ತಂಡದಲ್ಲಿ ಉಳಿದವರಿಗೆ ಹಣ ಸಾಲಲೆಂದು ತನ್ನ ಸಂಬಳವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿಕೊಂಡಿದ್ದ. ಇದನ್ನು ತ್ಯಾಗವೆಂದು ಕೊಂಡಾಡುವವರಿದ್ದಾರೆ. ನನಗಂತೂ ಇದು ಗೆಲ್ಲುವ ಹಟದ ಲೆಕ್ಕಾಚಾರವಾಗಿಯೇ ಕಾಣುತ್ತದೆ, ಆ ಹಟವೇ ನನಗೆ ಹೆಚ್ಚು ಪ್ರಿಯ.

ಮಕ್ಕಳಿಗೆ 2014ರ ಪಂದ್ಯಗಳಿಂದ ಆರಂಭಿಸಬೇಡ. ಅಲ್ಲಿ ಪಾಸ್‌ಗಳ ವೇಗಕ್ಕೆ ಕಣ್ಣು ಸೋಲುತ್ತದೆ, ಒಬ್ಬನ ಆಟ ಹಿಡಿಯುವುದು ಕಷ್ಟ. 2003ರ ಆರನೆಯ ಪಂದ್ಯದ ಕೊನೆಯ ಕ್ವಾರ್ಟರ್ ತೋರಿಸು. ಮೊದಲ ಸಲ ಸುಮ್ಮನೆ ನೋಡಲಿ. ಎರಡನೆಯ ಸಲ ಚೆಂಡನ್ನು ಬಿಟ್ಟು 21ನೇ ನಂಬರಿನ ಡಂಕನ್‌ನ ಕಾಲುಗಳನ್ನಷ್ಟೇ ಗಮನಿಸುವಂತೆ ಹೇಳು. ನಿಮ್ಮ ಅಂಕಣದ ಬೋರ್ಡಿನ ಗೆರೆಗಳು ಅಳಿಸಿಹೋಗಿವೆಯೆಂದು ಬರೆದಿದ್ದೆ. ಬೋರ್ಡ್ ಶಾಟ್ ಕಲಿಸುವ ಮೊದಲು ಆ ಚೌಕಟ್ಟನ್ನು 59 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರಕ್ಕೆ ಬಿಳಿ ಪೇಂಟ್‌ನಲ್ಲಿ ಬರೆಸು. ಕೆಳಗೆರೆಯ ಮೇಲಂಚು ರಿಂಗಿನ ಮಟ್ಟಕ್ಕೇ ಇರಲಿ. ಪಂದ್ಯದ ರೆಕಾರ್ಡಿಂಗ್ ನನ್ನಲ್ಲಿದೆ, ಭಾನುವಾರ ಮಂಡ್ಯಕ್ಕೆ ಬರುವಾಗ ಪೆನ್ ಡ್ರೈವ್‌ನಲ್ಲಿ ತರುತ್ತೇನೆ.

ಇಂತಿ ನಿನ್ನ ಪ್ರೀತಿಯ,
ಗೆಳೆಯ