ಮಗಳಿಗೆ ಮೂರು ತುಂಬಿತು, ವೈನಿಗೊಂದು ಥ್ಯಾಂಕ್ಸ್

ಮೂರು ವರ್ಷ ತುಂಬಿದ ಮೇಲೆ ಡಾಕ್ಟರು ಒಂದು ತಿಂಗಳು ಥೈರಾಯ್ಡ್ ಗುಳಿಗೆ ನಿಲ್ಲಿಸಿ ಮತ್ತೆ ರಕ್ತ ನೋಡಿದರು. ಥೈರಾಯ್ಡ್ ಸಾಲದಾಗ ಏರುವ ಟಿಎಸ್‌ಎಚ್ ಹಾರ್ಮೋನು ಮತ್ತೆ ಏರಿದೆ. ಅಂದರೆ ಗುಳಿಗೆ ಜೀವನಪೂರ್ತಿ. ಆದರೂ ನಮಗೆ ಇದು ಅಳೋ ಸುದ್ದಿ ಅಲ್ಲ. ಮೆದುಳು ಬೆಳೆಯೋ ಮೊದಲ ಮೂರು ವರ್ಷ ಗುಳಿಗೆ ತಪ್ಪಲಿಲ್ಲ. ಮಗಳು ಈಗ ಬಾಯಿ ಮುಚ್ಚೋದೇ ಇಲ್ಲ.

ಶುರುವಿನ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು: ಹುಟ್ಟಿದಾಗಲೇ ಮಗಳ ಥೈರಾಯ್ಡ್ ಗ್ರಂಥಿ ಸರಿಯಾಗಿ ಬೆಳೆದಿರಲಿಲ್ಲ. ಕಾಮಾಲೆ ಇಳೀತಿಲ್ಲ ಅಂತ ಥೈರಾಯ್ಡ್ ಟೆಸ್ಟ್ ಬರೆದ ಡಾಕ್ಟರಿಗೆ, ರಿಪೋರ್ಟಿಗೆ ಹುಬ್ಬಳ್ಳಿಗೆ ಓಡಿದ ಮೈದುನನಿಗೆ, ಔಷಧಿ ಅಂಗಡಿ ಕಾಕಾಗೆ, ಬಾಣಂತನ ಮಾಡಿದ ಅವ್ವನಿಗೆ ಕೈ ಮುಗೀತೀನಿ.

ವೈನಿಯ, ಅಂದರೆ ನನ್ನ ಅಣ್ಣನ ಹೆಂಡತಿಯ, ಮಾತು ಬೇರೆ.

ರಿಪೋರ್ಟ್ ಬಂದ ಸಂಜೆ ಹಾವೇರಿಯಿಂದ ಸಿಕ್ಕ ಬಸ್ ಹತ್ತಿ ಧಾರವಾಡಕ್ಕೆ ಬಂದರು. ಕೂಸು ಹಾಲಿಗೂ ಏಳುತ್ತಿರಲಿಲ್ಲ. 'ಎಷ್ಟು ಶಾಣ್ಯಾ ಕೂಸು, ಅಳೋದೇ ಇಲ್ಲ' ಅಂತ ಬಂದವರೆಲ್ಲ ಹೊಗಳಿದ್ದರಲ್ಲ, ಆ ನಿದ್ದೆಯೇ ಕಾಯಿಲೆ ಅಂತ ಅವತ್ತು ತಿಳಿದಿತ್ತು. ಮೊದಲ ಗುಳಿಗೆಯನ್ನು ಎರಡು ಚಮಚದ ನಡುವೆ ಅರೆದು, ನನ್ನ ಹಾಲಿನ ನಾಲ್ಕು ಹನಿಯಲ್ಲಿ ಕಲಸಿ, ಕೆನ್ನೆಯ ಒಳಗೆ ಸ್ವಲ್ಪ ಸ್ವಲ್ಪವೇ ಬಿಟ್ಟವರು ವೈನಿ. ಚಮಚಕ್ಕೆ ಅಂಟಿದ ಪುಡಿಯನ್ನೂ ಬಿಡಲಿಲ್ಲ, ಮತ್ತೆರಡು ಹನಿ ಹಾಕಿ ಅದನ್ನೂ ಕುಡಿಸಿದರು. ರಾತ್ರಿಯಿಡೀ ಎರಡು ತಾಸಿಗೊಮ್ಮೆ ಅಂಗಾಲು ತಿಕ್ಕಿ ಎಬ್ಬಿಸಿ ಎದೆಗೆ ಹಚ್ಚಿದರು.

ನಡುರಾತ್ರಿ ನನಗೆ ತಡೆಯಲಾಗಲಿಲ್ಲ. ಬಸುರಿದ್ದಾಗ ಏನು ತಿಂದೆ, ಏನು ಬಿಟ್ಟೆ, ಇವಳು ಮಾತಾಡ್ತಾಳಾ, ಸಾಲಿ ಕಲೀತಾಳಾ? ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ವೈನಿ ತಲೆ ಸವರಲಿಲ್ಲ. "ಗ್ರಂಥಿನೇ ಸರಿ ಬೆಳದಿಲ್ಲ ಅಂದಾರ ಡಾಕ್ಟರು. ಅದಕ್ಕ ನೀ ಏನ್ ಮಾಡ್ತಿ? ಏಳು, ಹಾಲಿನ ಹೊತ್ತಾತು" ಅಂದರು. ಅವರೂ ಕೂತು ಅತ್ತಿದ್ದರೆ ನಾನು ಏಳುತ್ತಿರಲಿಲ್ಲ ಅನಿಸುತ್ತೆ.

ಊರಿಗೆ ಹೋಗೋ ಮುಂಚೆ ನನ್ನ ಗಂಡನಿಗೆ ಗುಳಿಗೆ ಅರೆಯೋದು ಕಲಿಸಿದರು. ಇವತ್ತಿಗೂ ಬೆಳಿಗ್ಗೆ ಅದು ನನ್ನ ಗಂಡನದೇ ಕೆಲಸ. ಐರನ್, ಕ್ಯಾಲ್ಸಿಯಂ ಡ್ರಾಪ್ಸ್ ಜೊತೆಗೆ ಕೊಟ್ಟರೆ ಗುಳಿಗೆ ಮೈಗೆ ಹತ್ತಲ್ಲ ಅಂತ ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿದ್ದೂ ವೈನಿಯೇ.

ಮನೆಯಲ್ಲಿ ಹೆರಿಗೆ ಇದ್ದರೆ, ಕೂಸಿನ ಟಿಎಸ್‌ಎಚ್ ನೋಡ್ತೀರಾ ಅಂತ ಆಸ್ಪತ್ರೆಯಲ್ಲಿ ನೀವೇ ಕೇಳಿ. ಎಲ್ಲ ಕಡೆ ತಾವಾಗಿ ಮಾಡಲ್ಲ. ಹಿಮ್ಮಡಿಯ ಕೆಲವು ಹನಿ ರಕ್ತ ಸಾಕು.

ಅಣ್ಣಾ, ವೈನಿ ಫೇಸ್‌ಬುಕ್ ನೋಡಲ್ಲ, ನೀನೇ ಓದಿ ಹೇಳು. ಇದನ್ನೆಲ್ಲ ಯಾಕೆ ಬರೆದಳು ಅಂತ ಬೈತಾರೆ. ನನ್ನ ಪರವಾಗಿ ಬೈಸಿಕೋ.