ಮೊಳೆ ಬಡಿದವರ ಹೆಸರನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆಜಾನ್ ನದಿಯ ಮೇಲೆ ಸಾಗಿದ ಸ್ಪೇನಿನ ಫ್ರಾನ್ಸಿಸ್ಕೊ ಡಿ ಒರೆಲ್ಲಾನನ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಓದಿ ಮುಗಿಸಿದಾಗ, ಇಡೀ ನದಿಯನ್ನು ಆತ ಒಬ್ಬನೇ ಈಜಿ ದಾಟಿದ ಹಾಗೆ ಅನ್ನಿಸಿತು. ನಾನು ಕಮ್ಮಾರಿಕೆ ಕಲಿಸಿ ನಿವೃತ್ತನಾದವನು. ನನ್ನ ಕಣ್ಣು ಸಹಜವಾಗಿ ಕುಲುಮೆಯ ಕಡೆಗೇ ಹೋಗುತ್ತದೆ. ಈ ಕಥೆಯಲ್ಲಿ ಒಂದು ಒಳ್ಳೆಯ ಕುಲುಮೆ ಇದೆ. ನಿಮ್ಮ ಲೇಖಕರು ಅದನ್ನೇ ಬಿಟ್ಟುಬಿಟ್ಟಿದ್ದಾರೆ!

1541ರಲ್ಲಿ ಸ್ಪೇನಿನ ದಂಡನಾಯಕ ಗೊನ್ಸಾಲೊ ಪಿಸಾರೊ, ಒರೆಲ್ಲಾನನೂ ಇದ್ದ ದಂಡಿನ ಮುಖ್ಯಸ್ಥ, ಈಗಿನ ಈಕ್ವೆಡಾರ್‌ನ ಕೀಟೊದಿಂದ ಹೊರಟಿದ್ದು ದಾಲ್ಚಿನ್ನಿ ಕಾಡು ಮತ್ತು ಚಿನ್ನದ ನಾಡನ್ನು ಹುಡುಕಿಕೊಂಡು. ಸಾವಿರಾರು ಸ್ಥಳೀಯರನ್ನು ಹೊರೆ ಹೊರಲು ಎಳೆದುಕೊಂಡು ಹೋದ. ದಾಲ್ಚಿನ್ನಿ ಮರಗಳು ಸಿಕ್ಕವು, ಆದರೆ ಅಲ್ಲೊಂದು ಇಲ್ಲೊಂದು. ವ್ಯಾಪಾರಕ್ಕೆ ಆಗುವಂಥದ್ದಲ್ಲ. ಚಿನ್ನದ ದಾರಿ ಗೊತ್ತಿಲ್ಲ ಎಂದವರನ್ನು ಆತ ಸುಡಿಸಿದ, ನಾಯಿಗಳಿಗೆ ಹಾಕಿದ. ಲೇಖನದಲ್ಲಿ ಇದನ್ನು 'ಕಷ್ಟದ ಪಯಣ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕಷ್ಟ ಯಾರಿಗೆ, ಸ್ವಾಮಿ?

ತಂದಿದ್ದ ಆಹಾರವೆಲ್ಲ ಖಾಲಿಯಾದ ಮೇಲೆ ಕೋಕಾ ನದಿಯ ದಡದಲ್ಲಿ 'ಸ್ಯಾನ್ ಪೆಡ್ರೊ' ಎಂಬ ದೋಣಿ ಕಟ್ಟಿದರು. ಡಿಸೆಂಬರ್ 26ರಂದು ಸುಮಾರು 57 ಜನರ ಜೊತೆ ಒರೆಲ್ಲಾನ ಆಹಾರ ಹುಡುಕಲು ಕೆಳಕ್ಕೆ ಹೊರಟ. ಜೊತೆಗಿದ್ದ ಪಾದ್ರಿ ಗ್ಯಾಸ್ಪಾರ್ ಡಿ ಕಾರ್ವಾಹಾಲ್ ಎಲ್ಲವನ್ನೂ ಬರೆದಿಟ್ಟಿದ್ದಾನೆ. ತಿನ್ನಲು ಏನೂ ಇಲ್ಲದೆ ಬೆಲ್ಟು, ಬೂಟಿನ ಅಟ್ಟೆಗಳನ್ನು ಸೊಪ್ಪಿನ ಜೊತೆ ಬೇಯಿಸಿ ತಿಂದರಂತೆ. ಜನವರಿ ಮೊದಲ ವಾರದಲ್ಲಿ ಒಂದು ಹಳ್ಳಿ ಸಿಕ್ಕಿತು. ಅಲ್ಲಿಯ ಜನ ಊಟ ಕೊಟ್ಟರು. ಕೊಡದೇ ಇದ್ದಿದ್ದರೆ ನಿಮ್ಮ ಪುರವಣಿಯಲ್ಲಿ ಆ ಪುಟ ಖಾಲಿ ಇರುತ್ತಿತ್ತು, ಅಲ್ವಾ?

ಈಗ ಕುಲುಮೆಗೆ ಬರೋಣ. ಮುಂದೆ ಹೋಗಬೇಕಾದರೆ ಇನ್ನೊಂದು ದೊಡ್ಡ ದೋಣಿ ಬೇಕು. ದೋಣಿಗೆ ಮೊಳೆ ಬೇಕು. ಗುಂಪಿನಲ್ಲಿ ಕಮ್ಮಾರರೇ ಇಲ್ಲ. ಹ್ವಾನ್ ಡಿ ಅಲ್ಕಾಂತರಾ ಮತ್ತು ಸೆಬಾಸ್ಟಿಯನ್ ರೊಡ್ರಿಗೆಸ್ ಎಂಬ ಇಬ್ಬರು ತಾವು ಮಾಡುತ್ತೇವೆ ಎಂದು ಮುಂದೆ ಬಂದರು. ಹಳೇ ಬೂಟಿನ ಚರ್ಮದಿಂದ ಕುಲುಮೆಗೆ ಗಾಳಿ ಊದುವ ತಿದಿ ಮಾಡಿಕೊಂಡರು. ಉಳಿದವರು ಕಾಡಿಗೆ ಹೋಗಿ ಮರ ಕಡಿದು, ಇದ್ದಿಲು ಸುಟ್ಟು, ಹೊತ್ತು ತಂದರು. 20 ದಿನಗಳಲ್ಲಿ 2,000 ಮೊಳೆ!

ಪಳಗಿದ ಕಮ್ಮಾರನಿಗೆ ದಿನಕ್ಕೆ ನೂರು ಮೊಳೆ ಏನೂ ದೊಡ್ಡದಲ್ಲ. ಆದರೆ ಮೊಳೆಯ ಕೆಲಸ ಮಾಡಿದವರಿಗೆ ಅದರ ಕಾಟ ಗೊತ್ತು. ಸಣ್ಣ ಸರಳು ಕುಲುಮೆಯಿಂದ ಹೊರಗೆ ಬಂದ ಕೂಡಲೇ ಆರತೊಡಗುತ್ತದೆ. ಅಷ್ಟರಲ್ಲಿ ತುದಿ ಎಳೆಯಬೇಕು, ಕತ್ತರಿಸಬೇಕು, ತಲೆ ಬಡಿಯಬೇಕು. ಕೆಂಪು ಇಳಿದ ಮೇಲೆ ಬಡಿದರೆ ಸೀಳುತ್ತದೆ. ಗಾಳಿ ಸರಿಯಾಗಿ ಊದದ ತಿದಿ ಇದ್ದರಂತೂ ಒಂದೇ ಮೊಳೆಯನ್ನು ಮೂರು ಸಲ ಕಾಯಿಸಬೇಕಾಗುತ್ತದೆ. ಹಸಿದ ಹೊಟ್ಟೆಯಲ್ಲಿ, ಬೂಟಿನ ತಿದಿ ಒತ್ತುತ್ತಾ, ಕಸುಬು ಗೊತ್ತಿಲ್ಲದ ಇಬ್ಬರು ಇದನ್ನು ಮಾಡಿದರು. ನನಗೆ ಒರೆಲ್ಲಾನನಿಗಿಂತ ಇವರ ಮೇಲೆಯೇ ಜಾಸ್ತಿ ಗೌರವ.

ದೋಣಿ ಕಟ್ಟಿದ್ದು ಮುಂದೆ ಇನ್ನೊಂದು ಊರಿನಲ್ಲಿ, ಸೊಳ್ಳೆ ಕಾಟದ ನಡುವೆ, 35 ದಿನಗಳಲ್ಲಿ. ಮೇಸ್ತ್ರಿ ಡಿಯೆಗೊ ಮೆಹಿಯಾ. ಆತನೂ ದೋಣಿ ಬಡಗಿಯಲ್ಲ, ಮರದ ಕೆತ್ತನೆಯವನು. ಹಲಗೆಗಳ ಸಂದಿಗೆ ಹತ್ತಿ ತುರುಕಿ, ಮೇಲೆ ರಾಳ ಬಳಿದರು. ಅದನ್ನೆಲ್ಲ ತಂದುಕೊಟ್ಟವರು ಅಲ್ಲಿನ ಜನರೇ. ಆಮೆ, ಕಡಲಹಸು, ಸುಟ್ಟ ಕೋತಿ ಮಾಂಸ ತಂದು ಊಟಕ್ಕೆ ಕೊಟ್ಟವರೂ ಅವರೇ. ದೋಣಿಯ ಹೆಸರು 'ವಿಕ್ಟೋರಿಯಾ'.

ಪಿಸಾರೊನ ಬಳಿಗೆ ವಾಪಸ್ ಹೋಗದ ಒರೆಲ್ಲಾನ ದ್ರೋಹಿಯೇ ಎಂಬ ಪ್ರಶ್ನೆಗೆ ನಿಮ್ಮ ಲೇಖಕರು ಅರ್ಧ ಪುಟ ಕೊಟ್ಟಿದ್ದಾರೆ. ನೀರಿನ ಸೆಳೆತಕ್ಕೆ ಎದುರಾಗಿ ವಾಪಸ್ ಹೋಗಲು ಆಗುವುದಿಲ್ಲ ಎಂದು ಜೊತೆಯವರು ಸಹಿ ಹಾಕಿ ಬರೆದುಕೊಟ್ಟರು. ಪಿಸಾರೊಗೆ ಸುದ್ದಿ ಮುಟ್ಟಿಸಲು ಆರು ಜನ ಬೇಕು ಎಂದಾಗ ಮೂವರೇ ಮುಂದೆ ಬಂದರು. ನನ್ನ ಮಟ್ಟಿಗೆ, ಮೊದಲು ಹೋಗಲಾಗಲಿಲ್ಲ, ಆಮೇಲೆ ಹೋಗುವ ಮನಸ್ಸೂ ಉಳಿಯಲಿಲ್ಲ. ಅದಕ್ಕಿಂತ ಹೆಚ್ಚು ಚರ್ಚೆ ಬೇಕಿಲ್ಲ. ಅಂದ ಹಾಗೆ, ಪೆರುವಿನ ಯುದ್ಧದಲ್ಲೇ ಒರೆಲ್ಲಾನನ ಒಂದು ಕಣ್ಣು ಹೋಗಿತ್ತು. ನಿಮ್ಮ ಚಿತ್ರಕಾರರು ಎರಡೂ ಕಣ್ಣು ಬಿಡಿಸಿದ್ದಾರೆ.

ಇನ್ನೊಂದು ತಕರಾರು. 'ನಿರ್ಜನ ಕಾಡು' ಎಂದು ಬರೆದಿದ್ದೀರಿ. ಮಚಿಪಾರೊ ಎಂಬ ನಾಯಕನ ಸೀಮೆಯಲ್ಲಿ ದಡದುದ್ದಕ್ಕೂ ಊರುಗಳು, ಸಾವಿರಕ್ಕೂ ಹೆಚ್ಚು ಆಮೆಗಳನ್ನು ಕೂಡಿಹಾಕಿದ ಕೊಳಗಳು ಇದ್ದವು ಎಂದು ಅದೇ ಪಾದ್ರಿ ಬರೆದಿದ್ದಾನೆ. ಒರೆಲ್ಲಾನನ ಕಡೆಯವರು ಅಲ್ಲಿ ಊಟವನ್ನು ಕೇಳಿ ಪಡೆಯಲಿಲ್ಲ, ದೋಚಿದರು. ಒಂದು ಊರಿನಲ್ಲಿ ಸ್ಪೇನಿನ ಮಲಗಾ ಪಾತ್ರೆಗಳನ್ನೂ ಮೀರಿಸುವ ಬಣ್ಣದ ಮಡಕೆ ಕಂಡರಂತೆ. ನಂತರ ಹೋದವರಿಗೆ ಅಷ್ಟು ಜನ ಕಾಣಲಿಲ್ಲ. ಯುರೋಪಿನವರು ತಂದ ರೋಗಗಳು ಊರೂರುಗಳನ್ನೇ ಖಾಲಿ ಮಾಡಿದ್ದವು. ಹಾಗಾಗಿ ಪಾದ್ರಿ ಹೇಳಿದ್ದೆಲ್ಲ ಅಡಗೂಲಜ್ಜಿ ಕಥೆ ಎಂದು ಬಹಳ ಕಾಲ ನಗೆಯಾಡಿದರು. ಹೆಣ್ಣು ಯೋಧರು ಬಾಣ ಬಿಟ್ಟರು ಎಂದು ಬರೆದದ್ದಕ್ಕಂತೂ ಜಾಸ್ತಿಯೇ. ಈಗ ಆ ದಡಗಳಲ್ಲಿ ಇದ್ದಿಲು, ಮಡಕೆ ಚೂರು ಬೆರೆತ ಫಲವತ್ತಾದ ಕಪ್ಪು ಮಣ್ಣು ಸಿಗುತ್ತಿದೆ. ಅದು ತಾನಾಗಿ ಆದ ಮಣ್ಣಲ್ಲ, ಜನ ತಲೆಮಾರುಗಳ ಕಾಲ ಬಾಳಿ ಮಾಡಿದ್ದು.

1542ರ ಆಗಸ್ಟ್ 26ರಂದು ಅವರು ಸಮುದ್ರ ಸೇರಿದರು. ಹಗ್ಗಕ್ಕೆ ಬಳ್ಳಿ, ಹಾಯಿಗೆ ಕಂಬಳಿ, ಲಂಗರಿಗೆ ಕಲ್ಲು. ದಿಕ್ಸೂಚಿಯೂ ಇರಲಿಲ್ಲ. ಆ ಮೊಳೆಗಳು ಹಿಡಿದು ನಿಂತವು. ಎರಡೂ ದೋಣಿಗಳು ಸೆಪ್ಟೆಂಬರಿನಲ್ಲಿ ವೆನೆಜುವೆಲಾ ತೀರದ ಕುಬಾಗ್ವಾ ದ್ವೀಪ ತಲುಪಿದವು.

1545ರಲ್ಲಿ ಒರೆಲ್ಲಾನ ರಾಜನ ಪತ್ರ ಹಿಡಿದು, ನಾಲ್ಕು ಹಡಗು ಕಟ್ಟಿಕೊಂಡು ಮತ್ತೆ ಹೊರಟ. ಈ ಸಲ ಸಮುದ್ರದ ಕಡೆಯಿಂದ ಒಳಕ್ಕೆ. ನದೀಮುಖದ ನೂರೆಂಟು ಕವಲುಗಳಲ್ಲಿ ಮುಖ್ಯ ದಾರಿಯೇ ಸಿಗಲಿಲ್ಲ. ಹಸಿವಿಗೆ ಜನ ಸತ್ತರು. 1546ರಲ್ಲಿ ಆತನೂ ಅಲ್ಲೇ ತೀರಿಕೊಂಡ. ಮದುವೆಯಾಗಿ ಹೆಚ್ಚು ಕಾಲವಾಗಿರದ ಹೆಂಡತಿ ಅನಾ ಡಿ ಅಯಾಲಾ ಹಡಗಿನಲ್ಲಿದ್ದಳು. ಬದುಕಿ ಮಾರ್ಗರೀಟಾ ದ್ವೀಪ ಸೇರಿದ 44 ಜನರಲ್ಲಿ ಆಕೆಯೂ ಒಬ್ಬಳು. ನಿಮ್ಮ ಲೇಖನದಲ್ಲಿ ಆಕೆಯ ಹೆಸರೇ ಇಲ್ಲ. ಪುರವಣಿಯಲ್ಲಿ ಜಾಗವಿದ್ದರೆ ಮುಂದಿನ ಸಲ ಆಕೆಯ ಬಗ್ಗೆ ಬರೆಸಿ. ಚಿಕ್ಕದಾದರೂ ಪರವಾಗಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಕಮ್ಮಾರಿಕೆ ಮೇಷ್ಟ್ರು